ಟೆಲಿಗ್ರಾಂ ಸ್ಟಡಿ ಗುಂಪಿನ ಒಳಗೆ ಕೂತು ಅಧ್ಯಯನ ಮಾಡೋದು ಹೇಗೆ: ವಿಜಯಪುರದಿಂದ ಒಂದು ಮಾರ್ಗದರ್ಶಿ

ರಾತ್ರಿ ಒಂಬತ್ತೂವರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಎಷ್ಟೋ ಮನೆಗಳಲ್ಲಿ ಊಟ ಮುಗಿದಿರುತ್ತದೆ. ಒಬ್ಬ ಹುಡುಗನೋ ಹುಡುಗಿಯೋ ಗೋಡೆಗೆ ಒರಗಿ ಫೋನ್ ಹಿಡಿದು ಕೂತಿರುತ್ತಾರೆ, ಪಕ್ಕದಲ್ಲಿ ನೋಟ್‌ಬುಕ್ಕು, ಪೆನ್ನು. ಟೆಲಿಗ್ರಾಂ ಗುಂಪಿನಲ್ಲಿ ಕ್ವಿಜ್ ಶುರುವಾಗುವ ಹೊತ್ತು. ಎಫ್‌ಡಿಎ, ಪಿಡಿಒ, ಪಿಎಸ್‌ಐ, ಟಿಇಟಿ, ಹೀಗೆ ಸರ್ಕಾರಿ ನೌಕರಿಗೆ ಬೇಕಾದ ಒಂದಲ್ಲ ಒಂದು ಪರೀಕ್ಷೆಗೆ ಓದುತ್ತಿರುವವರು ಇವರು. ವಿಜಯಪುರಕ್ಕೋ ಧಾರವಾಡಕ್ಕೋ ಬಂದು ರೂಮು ಮಾಡಿ ಕೋಚಿಂಗ್ ಸೇರುವಷ್ಟು ದುಡ್ಡು ಎಲ್ಲರ ಹತ್ತಿರ ಇರುವುದಿಲ್ಲ, ಹಾಗಾಗಿ ಬಹಳ ಜನರಿಗೆ ಈ ಗುಂಪೇ ಕ್ಲಾಸು, ಈ ಗುಂಪೇ ಗೆಳೆಯರು.

ಸಮಾಜಶಾಸ್ತ್ರ, ಶಿಕ್ಷಣ, ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳು ಈಗ ಇಂಥ ಗುಂಪುಗಳ ಮೇಲೆ ಪ್ರಾಜೆಕ್ಟ್ ಮಾಡಬೇಕು ಅನ್ನುತ್ತಾರೆ. ಆದರೆ ಹೆಚ್ಚಿನವರು ಗೂಗಲ್ ಫಾರ್ಮ್‌ನಲ್ಲಿ ಇಪ್ಪತ್ತು ಪ್ರಶ್ನೆ ಹಾಕಿ ಲಿಂಕ್ ಬಿಟ್ಟು ಸುಮ್ಮನಾಗುತ್ತಾರೆ. ದಿನಕ್ಕೆ ಎಷ್ಟು ತಾಸು ಗುಂಪು ನೋಡುತ್ತೀರಿ, ಎಷ್ಟು ಉಪಯೋಗ ಆಯಿತು, ಇಂಥವು. ಇದರಿಂದ ತಾಸಿನ ಲೆಕ್ಕ ಸಿಗುತ್ತದೆ. ಎಲ್ಲರ ಎದುರು ತಪ್ಪು ಉತ್ತರ ಒತ್ತಿದವಳು ಆಮೇಲೆ ಒಂದು ವಾರ ಕ್ವಿಜ್‌ಗೆ ಬರಲಿಲ್ಲ ಅನ್ನೋದು ಸಿಗುವುದಿಲ್ಲ. ಅದು ಬೇಕಾದರೆ ಅಲ್ಲೇ ಇರಬೇಕು, ದಿನಾ ಇರಬೇಕು.

ಜನರ ನಡುವೆ ಬಹಳ ದಿನ ಇದ್ದು, ಅವರ ಜೊತೆ ಬದುಕಿ, ನೋಡಿದ್ದನ್ನು ಬರೆಯುವ ಈ ಕೆಲಸಕ್ಕೆ ಎಥ್ನೋಗ್ರಫಿ ಅನ್ನುತ್ತಾರೆ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1915ರಿಂದ 1918ರ ನಡುವೆ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದನ್ನೇ ಮಾಡಿದರು. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಇದನ್ನೇ ಮಾಡಿದರು. ಊರಿನ ಬದಲು ಫೋನಿನೊಳಗಿನ ಗುಂಪು ಬಂದರೆ ಅದು ಡಿಜಿಟಲ್ ಎಥ್ನೋಗ್ರಫಿ. ಕ್ರಿಸ್ಟೀನ್ ಹೈನ್, ರಾಬರ್ಟ್ ಕೊಜಿನೆಟ್ಸ್ ಅಂಥ ಸಂಶೋಧಕರು 1990ರ ದಶಕದಿಂದಲೇ ಇದರ ದಾರಿ ಹಾಕಿದ್ದಾರೆ. ಜಾಗ ಬೇರೆಯಾದರೂ ಬೇಕಾಗುವ ತಾಳ್ಮೆ ಅದೇ.

ನಾನು ಇಂಥ ಒಂದು ಗುಂಪಿನಲ್ಲಿ ತಿಂಗಳುಗಟ್ಟಲೆ ಕೂತಿದ್ದೆ. ಅಲ್ಲಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ, ನನ್ನ ತಪ್ಪುಗಳನ್ನೂ ಸೇರಿಸಿ.

ಪ್ರಶ್ನೆ ಸಣ್ಣದಿರಲಿ

"ಆನ್‌ಲೈನ್ ಕಲಿಕೆಯ ಸಂಸ್ಕೃತಿ" ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡು ಹೊರಟರೆ ಮೂರು ತಿಂಗಳಾದರೂ ಏನು ನೋಡುತ್ತಿದ್ದೀರಿ ಅಂತ ನಿಮಗೇ ತಿಳಿಯುವುದಿಲ್ಲ. ಕಣ್ಣಿಗೆ ಕಾಣುವ ಒಂದು ಗಳಿಗೆಯನ್ನು ಹಿಡಿಯಿರಿ. ನಾನು ಹಿಡಿದದ್ದು ಇದು: ಗುಂಪಿನಲ್ಲಿ ಯಾರಾದರೂ ತಪ್ಪು ಉತ್ತರ ಹೇಳಿದಾಗ ಮುಂದೆ ಏನಾಗುತ್ತದೆ? ಯಾರು ತಿದ್ದುತ್ತಾರೆ, ಹೇಗೆ ತಿದ್ದುತ್ತಾರೆ, ತಪ್ಪಿದವರು ಮತ್ತೆ ಬರುತ್ತಾರಾ? ಕಲಿಯೋದು ಅಂದರೆ ತಪ್ಪುತ್ತಾ ಹೋಗೋದೇ ಅಲ್ವಾ. ತಪ್ಪಿಗೆ ಎಷ್ಟು ಜಾಗ ಇದೆ ಅಂತ ನೋಡಿದರೆ ಆ ಗುಂಪು ಎಂಥದ್ದು ಅಂತ ತಿಳಿಯುತ್ತದೆ. ನಿಮ್ಮ ಪ್ರಶ್ನೆ ಬೇರೆ ಇರಬಹುದು: ಪಿಡಿಎಫ್ ಕೇಳುವ ಹಕ್ಕು ಯಾರಿಗಿದೆ, ಹೊಸಬರನ್ನು ಹೇಗೆ ಕರೆದುಕೊಳ್ಳುತ್ತಾರೆ, ನೌಕರಿ ಸಿಕ್ಕವರು ಗುಂಪು ಬಿಡುತ್ತಾರಾ ಉಳಿಯುತ್ತಾರಾ. ಯಾವುದಾದರೂ ಆಗಲಿ, ಬೆರಳಿಟ್ಟು ತೋರಿಸುವಂತಿರಲಿ.

ಗುಂಪು ಆರಿಸುವಾಗ

ಟೆಲಿಗ್ರಾಂ ಚಾನೆಲ್ ಮತ್ತು ಟೆಲಿಗ್ರಾಂ ಗುಂಪು ಒಂದೇ ಅಲ್ಲ. ಚಾನೆಲ್‌ನಲ್ಲಿ ಅಡ್ಮಿನ್ ಹಾಕುತ್ತಾರೆ, ಉಳಿದವರು ನೋಡುತ್ತಾರೆ, ಅಲ್ಲಿ ಮಾತುಕತೆ ಕಮ್ಮಿ. ಗುಂಪಿನಲ್ಲಿ ಎಲ್ಲರೂ ಬರೆಯಬಹುದು. ಒಂದು ಟೆಲಿಗ್ರಾಂ ಗುಂಪಿನಲ್ಲಿ 2,00,000 ಜನರ ತನಕ ಇರಬಹುದು, ಆದರೆ ಅಷ್ಟು ದೊಡ್ಡದರಲ್ಲಿ ಕೂತರೆ ಸಂತೆಯಲ್ಲಿ ನಿಂತ ಹಾಗೆ, ಯಾರ ಮುಖವೂ ನೆನಪಿರುವುದಿಲ್ಲ. ಕೆಲವು ನೂರು ಜನರ, ದಿನಾ ಮಾತು ನಡೆಯುವ, ಕನಿಷ್ಠ ಒಂದು ವರ್ಷ ಹಳೆಯದಾದ ಗುಂಪು ಹುಡುಕಿ. ವಾಟ್ಸಾಪ್ ಗುಂಪಿಗೆ 1,024 ಜನರ ಮಿತಿ ಇದೆ, ಮತ್ತು ಅಲ್ಲಿ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಡಬಹುದು. ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಹೆಣ್ಣುಮಕ್ಕಳು ಎಲ್ಲಿ ಬಾಯಿ ಬಿಡುತ್ತಾರೆ, ಎಲ್ಲಿ ಬಿಡುವುದಿಲ್ಲ ಅನ್ನೋದರಲ್ಲಿ ಇದರ ಪಾಲು ದೊಡ್ಡದು. ಅದನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು. ಒಂದು ನೇಮಕಾತಿಯ ಪೂರ್ತಿ ಸುತ್ತು ನೋಡುವ ಹಾಗೆ ಸಮಯ ಇಟ್ಟುಕೊಳ್ಳಿ: ನೋಟಿಫಿಕೇಶನ್, ಹಾಲ್ ಟಿಕೆಟ್, ಪರೀಕ್ಷೆ, ಕೀ ಆನ್ಸರ್, ಕಟ್‌ಆಫ್. ನೋಟಿಫಿಕೇಶನ್ ಬಂದ ವಾರದ ಗುಂಪೇ ಬೇರೆ, ಕೀ ಆನ್ಸರ್ ಬಂದ ರಾತ್ರಿಯ ಗುಂಪೇ ಬೇರೆ.

ಬಾಗಿಲು ತಟ್ಟಿ ಒಳಗೆ ಹೋಗಿ

ಲಿಂಕ್ ಒತ್ತಿದರೆ ಸೇರಬಹುದು, ಯಾರೂ ಕೇಳುವುದಿಲ್ಲ, ಸುಮ್ನೆ ನೋಡುತ್ತಾ ಕೂತರೆ ಆಯಿತು ಅಂತ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಾಗಿಲು ತೆರೆದಿದೆ ಅಂತ ಯಾರದೋ ಮನೆಯೊಳಗೆ ಹೋಗಿ ಮೂಲೆಯಲ್ಲಿ ಕೂತು ಅವರ ಮಾತು ಬರೆದುಕೊಳ್ಳುವುದಿಲ್ಲ ಅಲ್ವಾ, ಇದೂ ಹಾಗೇ. ಇಂಟರ್ನೆಟ್ ಸಂಶೋಧಕರ ಅಂತರರಾಷ್ಟ್ರೀಯ ಸಂಘ 2002ರಿಂದಲೂ ಈ ವಿಷಯದಲ್ಲಿ ನೀತಿ ಸೂತ್ರಗಳನ್ನು ತರುತ್ತಾ, ತಿದ್ದುತ್ತಾ ಬಂದಿದೆ. ನಿಮ್ಮ ವಿಭಾಗದ ಗೈಡ್ ಜೊತೆ ಮೊದಲೇ ಕೂತು ಮಾತಾಡಿ, ಕಾಲೇಜಿನಲ್ಲಿ ನೀತಿ ಸಮಿತಿ ಇದ್ದರೆ ಅದರ ಒಪ್ಪಿಗೆಯನ್ನೂ ಪಡೆಯಿರಿ.

ಮೊದಲು ಅಡ್ಮಿನ್‌ಗೆ ಬೇರೆಯಾಗಿ ಬರೆಯಿರಿ. ಸಾಧ್ಯವಾದರೆ ಎದುರಿಗೆ ಹೋಗಿ, ಒಂದು ಚಾ ಕುಡಿಯುತ್ತಾ ಮಾತಾಡಿ. ನನ್ನ ಅಡ್ಮಿನ್ ಹಗಲು ಒಂದು ಅಂಗಡಿಯಲ್ಲಿ ಕೆಲಸ ಮಾಡುವ, ತಾನೂ ಪರೀಕ್ಷೆಗೆ ಓದುತ್ತಿದ್ದ ಹುಡುಗ. ಅವನು ಕೇಳಿದ ಮೊದಲ ಪ್ರಶ್ನೆ "ಸರ್, ಇದರಿಂದ ನಮ್ ಹುಡುಗರಿಗೆ ಏನರ ತ್ರಾಸ ಆಗತೈತೇನ್ರಿ?" ಅಂತ. ಅದಕ್ಕೆ ನೇರ ಉತ್ತರ ಕೊಡುವ ತಯಾರಿ ನಿಮಗಿರಬೇಕು. ಅವನು ಒಪ್ಪಿದ ಮೇಲೆ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ ಪಿನ್ ಮಾಡಿಸಿ. ನಾನು ಹಾಕಿದ್ದು ಹೀಗಿತ್ತು:

"ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ನಾವೆಲ್ಲ ಹೇಗೆ ಕೂಡಿ ಕಲಿಯುತ್ತೇವೆ ಅಂತ ನಾನು ಅಧ್ಯಯನ ಮಾಡುತ್ತಿದ್ದೇನೆ. ಯಾರ ಹೆಸರು, ನಂಬರ್, ಫೋಟೋ ಎಲ್ಲೂ ಬರುವುದಿಲ್ಲ. ನಿಮ್ಮ ಮಾತು ಬರೆದುಕೊಳ್ಳುವುದು ಬೇಡ ಅನ್ನಿಸಿದರೆ ನನಗೆ ಬೇರೆಯಾಗಿ 'ಬೇಡ' ಅಂತ ಒಂದು ಪದ ಕಳಿಸಿ ಸಾಕು, ಕಾರಣ ಹೇಳಬೇಕಿಲ್ಲ."

ಅಡ್ಮಿನ್ ಒಪ್ಪಿದರೆ ಎಲ್ಲರೂ ಒಪ್ಪಿದ ಹಾಗಲ್ಲ. ಗುಂಪಿಗೆ ಹೊಸಬರು ಬರುತ್ತಲೇ ಇರುತ್ತಾರೆ, ಅದಕ್ಕೆ ತಿಂಗಳಿಗೊಮ್ಮೆ ಆ ಮೆಸೇಜ್ ಮತ್ತೆ ಹಾಕಿ. 'ಬೇಡ' ಅಂದವರ ಮಾತನ್ನು ಟಿಪ್ಪಣಿಯಲ್ಲಿ ಕೂಡ ಇಟ್ಟುಕೊಳ್ಳಬೇಡಿ. ಪಿಯುಸಿ ಓದುವ ಮಕ್ಕಳು ಇರುವ ಗುಂಪಾದರೆ ಇನ್ನೂ ಹುಷಾರಾಗಿರಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ. ತಂದೆತಾಯಿಯ ಒಪ್ಪಿಗೆ ಪಡೆಯಲು ಆಗದಿದ್ದರೆ ಅವರ ಮಾತು ಬಿಟ್ಟುಬಿಡಿ.

ದಿನಾ ಬರೆಯಿರಿ

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಮೆಸೇಜುಗಳೆಲ್ಲ ಫೋನಿನಲ್ಲೇ ಇರುತ್ತವಲ್ಲ, ಕಡೆಗೆ ಎಕ್ಸ್‌ಪೋರ್ಟ್ ಮಾಡಿಕೊಂಡರೆ ಆಯಿತು, ಈಗ ಯಾಕೆ ಬರೆಯಬೇಕು ಅಂದುಕೊಳ್ಳುತ್ತಾರೆ. ಟೆಲಿಗ್ರಾಂ ಡೆಸ್ಕ್‌ಟಾಪ್‌ನಲ್ಲಿ ಎಕ್ಸ್‌ಪೋರ್ಟ್ ಸೌಲಭ್ಯ ಇರೋದು ನಿಜ. ಆದರೆ ಎಕ್ಸ್‌ಪೋರ್ಟ್‌ನಲ್ಲಿ ಅಳಿಸಿದ ಮೆಸೇಜ್ ಬರುವುದಿಲ್ಲ. ಯಾರೋ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸಿ, ಆಮೇಲೆ ಏನೂ ಬರದೆ ನಿಂತುಹೋದದ್ದು ಬರುವುದಿಲ್ಲ. ಅಂಥ ಮೌನದ ಹೊತ್ತಿನಲ್ಲಿ ನಿಮಗೆ ಏನನ್ನಿಸಿತು ಅನ್ನೋದಂತೂ ಎಲ್ಲಿಂದಲೂ ಬರುವುದಿಲ್ಲ. ಅದಕ್ಕೇ ಬರೆಯಬೇಕು, ಅದೇ ರಾತ್ರಿ, ಮಲಗುವ ಮುಂಚೆ.

ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಕಂಡದ್ದು ಮಾತ್ರ, ಬಲಕ್ಕೆ ನಿಮಗೆ ಅನ್ನಿಸಿದ್ದು. ಎರಡನ್ನೂ ಕಲಸಬೇಡಿ. ನನ್ನ ನೋಟ್‌ಬುಕ್ಕಿನ ಒಂದು ರಾತ್ರಿಯನ್ನು ಇಲ್ಲಿ ಕೊಡುತ್ತೇನೆ, ಗುರುತು ಸಿಗದ ಹಾಗೆ ಮಾತುಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಎಡಕ್ಕೆ: "ಮಂಗಳವಾರ, ರಾತ್ರಿ 9.52. ಆರನೇ ಪ್ರಶ್ನೆ, ಬಾರಾ ಕಮಾನ್ ಯಾರ ಸಮಾಧಿ? ಅಡ್ಮಿನ್ ಸರಿ ಅಂತ ಗುರುತು ಮಾಡಿದ್ದು ಒಂದನೇ ಅಲಿ ಆದಿಲ್ ಶಾ. ಒಬ್ಬರು ಬರೆದರು: 'ಸರ್, ಎರಡನೇ ಅಲಿ ಅಲ್ಲೇನ್ರಿ? ನಮ್ಮನಿ ಅಲ್ಲೇ ಹತ್ರ ಐತ್ರಿ.' ನಾಲ್ಕು ನಿಮಿಷ ಯಾರೂ ಏನೂ ಹಾಕಲಿಲ್ಲ. ಅಡ್ಮಿನ್: 'ಹೌದ್ರಿ, ನಂದ ತಪ್ಪಾತು, ಎಲ್ಲಾರೂ ತಿದ್ದಕೋರಿ.' ಆಮೇಲೆ ಹನ್ನೊಂದು ಜನ ಕೈ ಮುಗಿಯುವ ಇಮೋಜಿ ಒತ್ತಿದರು. ಪ್ರಶ್ನೆಯನ್ನು ಅಳಿಸಲಿಲ್ಲ."

ಬಲಕ್ಕೆ: "ಅಳಿಸಬಹುದಿತ್ತು, ಅಳಿಸಲಿಲ್ಲ. ತಪ್ಪು ಎಲ್ಲರ ಕಣ್ಣೆದುರು ಉಳಿಯಿತು. ತಿದ್ದಿದವರು 'ನಮ್ಮನಿ ಹತ್ರ ಐತಿ' ಅಂದದ್ದು ಯಾಕೆ? ನನಗೆ ಜಾಸ್ತಿ ಗೊತ್ತು ಅಂತ ಹೇಳದೆ, ದಾರಿಯಲ್ಲಿ ದಿನಾ ನೋಡುತ್ತೇನೆ ಅಂತ ಹೇಳಿ ತಿದ್ದುವುದು. ಹಿರಿಯರನ್ನು ತಿದ್ದುವಾಗ ನಮ್ಮ ಕಡೆ ಬಳಸುವ ಮೆತ್ತನೆಯ ದಾರಿಯಾ ಇದು? ಇನ್ನೂ ನೋಡಬೇಕು."

ಹೀಗೆ ನೂರು ರಾತ್ರಿ ಬರೆದರೆ ಗುಂಪಿನ ಕಟ್ಟುಪಾಡುಗಳು ತಾವಾಗೇ ಎದ್ದು ಬರುತ್ತವೆ. ಯಾರಿಗೆ 'ಸರ್' ಅನ್ನುತ್ತಾರೆ, ಯಾರಿಗೆ 'ಅಣ್ಣಾ', ಯಾರಿಗೆ 'ಬ್ರೋ', ಯಾರಿಗೆ 'ಮೇಡಮ್ಮಾರ' ಅನ್ನುತ್ತಾರೆ ಅಂತ ಗಮನಿಸಿ. ಒಬ್ಬನನ್ನು ಬ್ರೋ ಅನ್ನುತ್ತಿದ್ದವರು, ಅವನ ಹೆಸರು ಸೆಲೆಕ್ಷನ್ ಲಿಸ್ಟಿನಲ್ಲಿ ಬಂದ ಮಾರನೇ ದಿನ ಸರ್ ಅಂದರು. ಅವನೇ "ಸರ್ ಅನಬ್ಯಾಡ್ರಪಾ" ಅಂದರೂ ಬಿಡಲಿಲ್ಲ. ನೌಕರಿಗೆ ಇಲ್ಲಿ ಎಷ್ಟು ತೂಕ ಇದೆ ಅನ್ನೋದನ್ನು ಆ ಒಂದು ಪದ ಹೇಳುತ್ತದೆ.

ಆ್ಯಪ್ ಒಳಗಿನ ಸಣ್ಣ ಸಣ್ಣ ಸೆಟ್ಟಿಂಗ್‌ಗಳನ್ನೂ ಕಡೆಗಣಿಸಬೇಡಿ. ಟೆಲಿಗ್ರಾಂ ಗುಂಪಿನಲ್ಲಿ ಕ್ವಿಜ್ ಹಾಕುವವರು, ಯಾರು ಯಾವ ಉತ್ತರ ಒತ್ತಿದರು ಅಂತ ಕಾಣುವ ಹಾಗೂ ಇಡಬಹುದು, ಕಾಣದ ಹಾಗೂ ಇಡಬಹುದು. ಒತ್ತಿದ ಮೇಲೆ ಉತ್ತರ ಬದಲಿಸಲು ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಎರಡು ವಾರ ಹೆಸರು ಕಾಣುವ ಹಾಗೆ ಇಟ್ಟಿದ್ದರು, ಎಲ್ಲರೂ ಸೀರಿಯಸ್ ಆಗಲಿ ಅಂತ. ಉತ್ತರ ಒತ್ತುವವರು ಕಣ್ಣಿಗೆ ಕಾಣುವಷ್ಟು ಕಮ್ಮಿಯಾದರು. ಮತ್ತೆ ಹೆಸರು ಮುಚ್ಚಿದ ದಿನ ವಾಪಸ್ ಬಂದರು. ಒಂದು ಗುಂಡಿ ಆಚೀಚೆ ಮಾಡಿದ್ದಕ್ಕೆ ಇಡೀ ಗುಂಪಿನ ಧೈರ್ಯವೇ ಬದಲಾಯಿತು. ಇದು ಯಾವ ಗೂಗಲ್ ಫಾರ್ಮ್‌ನಲ್ಲೂ ಸಿಗುವುದಿಲ್ಲ.

ತಪ್ಪು ಯಾವಾಗಲೂ ಓದುವವರದ್ದೇ ಆಗಿರುವುದಿಲ್ಲ ಅನ್ನೋದನ್ನೂ ಈ ಹುಡುಗರು ಕಲಿತಿದ್ದಾರೆ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ಮಾಡಬೇಕಾಯಿತು. ಅದಕ್ಕೂ ಮೊದಲು, 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಗಿತ್ತು. ಇವನ್ನು ತಿಳಿಯದೆ ಗುಂಪಿಗೆ ಹೋದರೆ, ಕೀ ಆನ್ಸರ್ ಬಂದ ರಾತ್ರಿ ಅವರು ಯಾಕೆ ಒಂದೊಂದು ಪ್ರಶ್ನೆಗೂ ಪುಸ್ತಕದ ಪುಟದ ಫೋಟೋ ಹಾಕಿ ಜಗಳ ಆಡುತ್ತಾರೆ ಅಂತ ನಿಮಗೆ ಅರ್ಥ ಆಗುವುದಿಲ್ಲ. ಒಳಗೆ ಹೋಗುವ ಮುಂಚೆ ಆ ಗುಂಪಿನವರು ಪಟ್ಟಿರುವ ಪಾಡು ಏನು ಅಂತ ಓದಿಕೊಂಡು ಹೋಗಿ.

ಮಾತಾಡದವರ ಹತ್ತಿರ ಹೋಗಿ

ಈಗ ನನ್ನ ದೊಡ್ಡ ತಪ್ಪು. ಮೊದಲ ಎರಡು ತಿಂಗಳು ನಾನು ಮಾತಾಡುವವರನ್ನು ಮಾತ್ರ ನೋಡಿದೆ. ದಿನಾ ಬರೆಯುತ್ತಿದ್ದವರು ಹದಿನೈದಿಪ್ಪತ್ತು ಜನ, ಬಹುತೇಕ ಗಂಡುಹುಡುಗರು. ಉಳಿದವರು ಸುಮ್ನೆ ಪಿಡಿಎಫ್ ತಗೊಂಡು ಹೋಗುವವರು ಅಂತ ಬಲಗಡೆಯ ಕಾಲಂನಲ್ಲಿ ಬರೆದೂ ಬಿಟ್ಟಿದ್ದೆ.

ಆಮೇಲೆ ತಾಲೂಕು ಊರೊಂದರ ರೀಡಿಂಗ್ ರೂಮಿಗೆ ಹೋದಾಗ, ಗುಂಪಿನಲ್ಲಿ ಒಂದಕ್ಷರ ಬರೆಯದ ಒಬ್ಬ ಹುಡುಗಿ ಗೆಳತಿಯರ ಜೊತೆ ಬಂದು ಮಾತಾಡಿದಳು. ಅವಳ ಬ್ಯಾಗಿನಲ್ಲಿ ನಾಲ್ಕು ಇನ್ನೂರು ಪೇಜಿನ ನೋಟ್‌ಬುಕ್ಕು. ಪ್ರತಿ ರಾತ್ರಿಯ ಕ್ವಿಜ್, ತಾರೀಖಿನ ಸಮೇತ, ಯಾರು ಏನು ವಿವರಣೆ ಕೊಟ್ಟರು ಅನ್ನೋದರ ಸಮೇತ ಅದರಲ್ಲಿ ಇತ್ತು. ನನಗಿಂತ ಚೆನ್ನಾಗಿ ಆ ಗುಂಪನ್ನು ಓದಿದವಳು ಅವಳು. ಯಾಕೆ ಬರೆಯುವುದಿಲ್ಲ ಅಂತ ಕೇಳಿದೆ. "ಸರ್, ಒಂದ ಸಲ 'ಇದು ಬಿ ಅಲ್ಲೇನ್ರಿ' ಅಂತ ಹಾಕಿದ್ದೆ. ಹತ್ತ ನಿಮಿಷದಾಗ ಮೂರ ಮಂದಿ ಬ್ಯಾರೆಯಾಗಿ ಹಾಯ್ ಅಂತ ಮೆಸೇಜ್ ಮಾಡಿದ್ರು. ನಮ್ಮ ಅಣ್ಣ ನೋಡಿದ್ರ ಫೋನೇ ಕಸಗೋತಿದ್ದ. ಅವತ್ತಿಂದ ಬರೀ ಓದತೀನ್ರಿ."

ಆ ದಿನ ವಾಪಸ್ ಬಂದು ಎರಡು ತಿಂಗಳ ಟಿಪ್ಪಣಿಯನ್ನು ಮತ್ತೆ ಮೊದಲಿನಿಂದ ಓದಿದೆ. ಉತ್ತರ ತಪ್ಪಾದರೆ ನಾಚಿಕೆ ಅನ್ನೋದು ಒಂದು ಭಯ. ಉತ್ತರ ಸರಿಯಾದರೂ ಯಾರ ಕಣ್ಣಿಗೋ ಬೀಳುತ್ತೇನೆ ಅನ್ನೋದು ಇನ್ನೊಂದು ಭಯ. ಹುಡುಗರಿಗೆ ಮೊದಲನೆಯದು ಮಾತ್ರ ಇತ್ತು. ಹುಡುಗಿಯರಿಗೆ ಎರಡೂ ಇದ್ದವು. ಹೂವಿನ ಫೋಟೋ, ದೇವರ ಫೋಟೋ, ಹೆಸರಿನ ಜಾಗದಲ್ಲಿ ಒಂದೇ ಒಂದು ಅಕ್ಷರ ಇಟ್ಟುಕೊಂಡವರು ಯಾರು ಅಂತ ಆಮೇಲೆ ತಿಳಿಯಿತು.

ಹಾಗಾಗಿ ಸುಮ್ಮನಿರುವವರನ್ನು ಹುಡುಕಿಕೊಂಡು ಹೋಗೋದನ್ನು ಶುರುವಿನಲ್ಲೇ ಪ್ಲಾನಿನಲ್ಲಿ ಸೇರಿಸಿ. ನೀವು ಗಂಡಸಾಗಿದ್ದರೆ ಬೇರೆಯಾಗಿ ಮೆಸೇಜ್ ಮಾಡಲೇಬೇಡಿ, ಅವರಿಗೆ ಆ ಮೂರು 'ಹಾಯ್'ಗಳ ಜೊತೆ ನಿಮ್ಮದು ನಾಲ್ಕನೆಯದಾಗುತ್ತದೆ. ಪಿನ್ ಮಾಡಿದ ಮೆಸೇಜಿನಲ್ಲಿ ಕರೆಯಿರಿ, ಅವರಾಗೇ ಬರಲಿ, ನಾಲ್ಕು ಜನ ಇರುವ ಜಾಗದಲ್ಲಿ ಮಾತಾಡಿ. ಇನ್ನೂ ಒಳ್ಳೆಯದು ಅಂದರೆ ಒಬ್ಬ ಮಹಿಳಾ ಸಂಶೋಧಕಿ ಜೊತೆಗೂಡಿ ಕೆಲಸ ಮಾಡೋದು. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೇ ಇದೆ. ಅಲ್ಲಿನ ವಿದ್ಯಾರ್ಥಿನಿಯರು ಇಂಥ ಅಧ್ಯಯನಕ್ಕೆ ಇಳಿಯಲಿ ಅಂತ ನಾನು ಮನಸ್ಸಿನಿಂದ ಬಯಸುತ್ತೇನೆ. ನನಗೆ ಅರ್ಧ ಕೇಳಿಸಿದ್ದು ಅವರಿಗೆ ಪೂರ್ತಿ ಕೇಳಿಸುತ್ತದೆ.

ಸಂದರ್ಶನದಲ್ಲಿ ಪ್ರಶ್ನೆ ಪಟ್ಟಿ ಓದಬೇಡಿ. ಅವರ ಫೋನ್ ಅವರ ಕೈಯಲ್ಲೇ ಇರಲಿ, ಗುಂಪನ್ನು ಹಿಂದಕ್ಕೆ ಸ್ಕ್ರೋಲ್ ಮಾಡುತ್ತಾ "ಇಲ್ಲಿ ಏನಾಯ್ತು ಹೇಳ್ರಿ" ಅಂತ ಕೇಳಿ. ಹಳೇ ಮೆಸೇಜ್ ಕಣ್ಣಿಗೆ ಬಿದ್ದಾಗ ಮರೆತದ್ದೆಲ್ಲ ನೆನಪಾಗುತ್ತದೆ. ಯಾವುದನ್ನು ಸೇವ್ ಮಾಡಿದ್ದಾರೆ ಅಂತ ಅವರೇ ತೋರಿಸಿದರೆ ನೋಡಿ, ಕೇಳಿ ತಗೋಬೇಡಿ.

ಫೋನಿನ ಆಚೆಗೂ ಹೋಗಿ

ಗುಂಪು ಫೋನಿನಲ್ಲಿ ಇದ್ದರೂ ಅದರ ಬೇರು ಊರಿನಲ್ಲಿದೆ. ಎಳ್ಳ ಅಮಾವಾಸ್ಯೆ ದಿನ ನಮ್ಮ ಗುಂಪಿನಲ್ಲಿ ಕ್ವಿಜ್ ನಡೆಯಲಿಲ್ಲ, ಎಲ್ಲರೂ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಲು ಹೊಲಕ್ಕೆ ಹೋಗಿದ್ದರು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದಾಗಲೂ ಹಾಗೇ. ಜೋಳದ ರಾಶಿ ಬಂದಾಗ, ದ್ರಾಕ್ಷಿ ಕೆಲಸ ಬಂದಾಗ "ನಾಳೆ ಹೊಲದಾಗ ಕೆಲಸ ಐತ್ರಿ, ಕ್ವಿಜ್ ತಡಾ ಮಾಡಿ ಇಡ್ರಿ" ಅಂತ ಮೆಸೇಜ್ ಬರುತ್ತಿತ್ತು. ಬೆಂಗಳೂರಿನಲ್ಲಿ ಕೂತು ಮೆಸೇಜಿನ ಸಂಖ್ಯೆ ಎಣಿಸಿದವರಿಗೆ ಇದು ಆಸಕ್ತಿ ಕಮ್ಮಿಯಾದ ಹಾಗೆ ಕಾಣುತ್ತದೆ. ರೀಡಿಂಗ್ ರೂಮ್, ಗ್ರಂಥಾಲಯ, ಝೆರಾಕ್ಸ್ ಅಂಗಡಿ, ಪರೀಕ್ಷೆ ದಿನ ಬೆಳಗಿನ ಬಸ್ಸು, ಇಲ್ಲೆಲ್ಲ ಸ್ವಲ್ಪ ಹೊತ್ತು ಕಳೆಯಿರಿ.

ಟಿಪ್ಪಣಿ ಕಾಪಾಡೋದು

ಶ್ರೀನಿವಾಸ್ ಅವರ ವಿಷಯ ಮೊದಲೇ ಹೇಳಿದೆ. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅವರ ಕೋಣೆಗೆ ಕಿಡಿಗೇಡಿಗಳು ಹಚ್ಚಿದ ಬೆಂಕಿ ತಗುಲಿತು. ಆ ಹಳ್ಳಿಯ ಬಗ್ಗೆ ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಯ ಮೂರೂ ಪ್ರತಿಗಳು ಅದೇ ಕೋಣೆಯಲ್ಲಿದ್ದವು. ಆಮೇಲೆ ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಅಂಥ ನೆನಪು ನಮ್ಮೆಲ್ಲರಿಗೆ ಇರುವುದಿಲ್ಲ. ನೋಟ್‌ಬುಕ್ಕಿನ ಪುಟಗಳನ್ನು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ, ಪಾಸ್‌ವರ್ಡ್ ಇರುವ ಎರಡು ಬೇರೆ ಬೇರೆ ಜಾಗದಲ್ಲಿ ಇಡಿ. ಯಾರು ಯಾರಿಗೆ ಯಾವ ಬದಲಿ ಹೆಸರು ಕೊಟ್ಟಿದ್ದೀರಿ ಅನ್ನುವ ಪಟ್ಟಿ ಟಿಪ್ಪಣಿಯ ಜೊತೆ ಇರಬಾರದು, ಅದು ಬೇರೆ ಕಡೆ ಇರಲಿ. ಗುಂಪಿನ ಸ್ಕ್ರೀನ್‌ಶಾಟ್ ನಿಮ್ಮ ಫೋನಿನ ಗ್ಯಾಲರಿಯಲ್ಲಿ ಮದುವೆ ಫೋಟೋಗಳ ನಡುವೆ ಬಿದ್ದಿರಬಾರದು.

ಬರೆಯುವಾಗ

ಟಿಪ್ಪಣಿಯನ್ನು ಎರಡು ಮೂರು ಸಲ ಓದಿ, ಪುಟದ ಅಂಚಿನಲ್ಲಿ ಸಣ್ಣ ಹೆಸರುಗಳನ್ನು ಕೊಡುತ್ತಾ ಹೋಗಿ: 'ಮೆತ್ತಗೆ ತಿದ್ದಿದ್ದು', 'ಅಳಿಸಿದ್ದು', 'ಹೆಸರು ಮುಚ್ಚಿದ್ದು', 'ಹೊಲದ ಕೆಲಸ'. ಗುಂಪಿನವರ ಬಾಯಲ್ಲೇ ಬಂದ ಪದ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ. ಒಂದೇ ಹೆಸರು ಮತ್ತೆ ಮತ್ತೆ ಬಂದ ಕಡೆ ನಿಮ್ಮ ಅಧ್ಯಾಯ ಇದೆ. ಅದಕ್ಕೆ ಒಗ್ಗದ ಘಟನೆಗಳನ್ನು ಬಿಡಬೇಡಿ, ಅವೇ ನಿಮ್ಮನ್ನು ತಿದ್ದುತ್ತವೆ.

ಮೆಸೇಜನ್ನು ಇದ್ದ ಹಾಗೇ ಹಾಕಿದರೆ ಟೆಲಿಗ್ರಾಂ ಸರ್ಚ್‌ನಲ್ಲಿ ನಾಲ್ಕು ಪದ ಟೈಪ್ ಮಾಡಿದವರಿಗೆ ಆ ಮನುಷ್ಯ ಸಿಕ್ಕಿಬಿಡುತ್ತಾನೆ. ಅರ್ಥ ಕೆಡದ ಹಾಗೆ ಮಾತನ್ನು ಸ್ವಲ್ಪ ಬದಲಿಸಿ, ಹಾಗೆ ಬದಲಿಸಿದ್ದೀರಿ ಅಂತ ವರದಿಯಲ್ಲಿ ಹೇಳಿ. ಗುಂಪಿನ ಹೆಸರು ಬೇಡ, ತಾಲೂಕಿನ ಹೆಸರೂ ಬೇಡದಿರಬಹುದು. ಶ್ರೀನಿವಾಸ್ ಬರೆದ ರಾಂಪುರ ಅನ್ನೋದೂ ತಾವಿದ್ದ ಹಳ್ಳಿಗೆ ಅವರೇ ಇಟ್ಟ ಬದಲಿ ಹೆಸರು. ಗುಂಪಿನಲ್ಲಿ ಕೋಚಿಂಗ್ ಸೆಂಟರಿನ ನೋಟ್ಸ್ ಹಂಚಿಕೊಳ್ಳುವುದನ್ನು ನೀವು ನೋಡಿಯೇ ನೋಡುತ್ತೀರಿ. ಅದರಿಂದ ಯಾರಿಗೆ ಕಷ್ಟ ಬರಬಹುದು ಅಂತ ಯೋಚಿಸಿ ಬರೆಯಿರಿ, ಆ ಫೈಲುಗಳನ್ನು ನೀವು ಇಟ್ಟುಕೊಳ್ಳಬೇಡಿ.

ಕರಡು ಆದ ಮೇಲೆ ಗುಂಪಿನ ನಾಲ್ಕೈದು ಜನರಿಗೆ ಓದಿ ಹೇಳಿ. ನಾನು ಅಡ್ಮಿನ್‌ಗೆ, ಆ ನಾಲ್ಕು ನೋಟ್‌ಬುಕ್ಕಿನ ಹುಡುಗಿಗೆ, ಇನ್ನೂ ಮೂವರಿಗೆ ಓದಿ ಹೇಳಿದೆ. 'ಹಾಯ್' ಮೆಸೇಜಿನ ಭಾಗ ಕೇಳಿದ ಅಡ್ಮಿನ್ ಬಹಳ ಹೊತ್ತು ಮಾತಾಡಲಿಲ್ಲ. ಆ ವಾರವೇ ಅವನು ಗುಂಪಿನ ಸದಸ್ಯರ ಪಟ್ಟಿಯನ್ನು ಮುಚ್ಚಿದ, ನಂಬರ್ ಮುಚ್ಚಿಡುವುದು ಹೇಗೆ ಅಂತ ಕನ್ನಡದಲ್ಲಿ ಬರೆದು ಪಿನ್ ಮಾಡಿದ, ಹುಡುಗಿಯರಿಗೆ ಬೇರೆಯಾಗಿ ಮೆಸೇಜ್ ಮಾಡಿದವರನ್ನು ತೆಗೆಯುತ್ತೇನೆ ಅಂತ ಕೆಳಗೆ ಒಂದು ಸಾಲು ಸೇರಿಸಿದ. ನಾನು ಗುಂಪಿನಿಂದ ಹೊರಡುತ್ತೇನೆ ಅಂತ ಹೇಳಿ, ಎಲ್ಲರಿಗೂ ನಮಸ್ಕಾರ ಬರೆದ ರಾತ್ರಿ ಮೂರನೇ ಪ್ರಶ್ನೆಗೆ ಒಂದು ಹೊಸ ಹೆಸರು, ಒಂದೇ ಅಕ್ಷರದ ಹೆಸರು, ಬರೆದಿತ್ತು: "ಇದು ಬಿ ಅಲ್ಲೇನ್ರಿ?"